ನಾವು ತಿಂದ ಗೋಡೆ

ಹೊಸದಾಗಿ ಮನೆ ಕಟ್ಟಿಸಿದವರ ಮನೆಗೆ ಹಸಿದುಕೊಂಡು ಹೋಗಬಾರದು. ಅಲ್ಲಿ ಕಾಫಿ ಬರುವುದಕ್ಕೆ ಮುಂಚೆ ಗೋಡೆ ಬರುತ್ತದೆ. ‘ತಟ್ಟಿ ನೋಡಿ ಸಾರ್, ಹೆದರಬೇಡಿ, ಜೋರಾಗೇ ತಟ್ಟಿ’ ಎನ್ನುತ್ತಾರೆ. ನಾವು ತಟ್ಟಬೇಕು. ತಟ್ಟಿ, ಕಚೇರಿಯಲ್ಲಿ ಮೃದಂಗ ಕೇಳಿದವರ ಹಾಗೆ ತಲೆದೂಗಬೇಕು. ಗೋಡೆ ತಟ್ಟಿ ಅದರ ಗುಣ ಹೇಳುವ ವಿದ್ಯೆ ನನಗೆ ಬಾರದು. ಹಲಸಿನ ಹಣ್ಣನ್ನು ತಟ್ಟಿ ಅದು ಹಣ್ಣೋ ಕಾಯೋ ಎಂದು ಹೇಳುವುದಕ್ಕೇ ಬಾರದು. ಆದರೂ ಗೋಡೆಯ ವಿಷಯದಲ್ಲಿ ನನಗಿರುವ ಒಂದು ಅನುಭವ ಈ ಮಾಲೀಕರಲ್ಲಿ ಯಾರಿಗೂ ಇರಲಾರದು. ಅವರು ಗೋಡೆ ಕಟ್ಟಿಸಿದ್ದಾರೆ, ಸುಣ್ಣ ಹೊಡೆಸಿದ್ದಾರೆ, ಬಂದವರಿಂದೆಲ್ಲ ತಟ್ಟಿಸಿದ್ದಾರೆ. ನಾನು ಗೋಡೆಯನ್ನು ತಿಂದಿದ್ದೇನೆ.

ಎರಡನೆಯ ಮಹಾಯುದ್ಧದ ಕಾಲದ ಮಾತು. ನಾನು ಬೆಂಗಳೂರಿನ ದಂಡಿನ, ಎಂದರೆ ಕಂಟೋನ್ಮೆಂಟಿನ, ಶಾಲೆಯೊಂದರಲ್ಲಿ ಕನ್ನಡ ಪಂಡಿತನಾಗಿದ್ದೆ. ದಂಡಿನಲ್ಲಿ ಕನ್ನಡ ಪಂಡಿತನಾಗುವುದೆಂದರೆ ಮೀನಿನ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಹೂವು ಮಾರಿದ ಹಾಗೆ. ಯಾರೂ ಬೇಡ ಎನ್ನುವುದಿಲ್ಲ, ಯಾರೂ ಕೊಳ್ಳುವುದೂ ಇಲ್ಲ. ಹಾಲಿನವಳ ಜೊತೆ ತಮಿಳು, ಜಟಕಾದವರ ಜೊತೆ ದಖನಿ ಉರ್ದು, ಹೆಡ್‌ಮಾಸ್ಟರ ಜೊತೆ ಇಂಗ್ಲಿಷು, ಹೀಗೆ ದಿನವಿಡೀ ಮೂರು ಭಾಷೆಗಳನ್ನು ಕೊಂದು ಸಂಜೆ ಮನೆಗೆ ಬಂದು ಕೈಕಾಲು ತೊಳೆದುಕೊಳ್ಳುತ್ತಿದ್ದೆ. ಮನೆ ಎಂದರೆ ಹಲಸೂರಿನಲ್ಲಿದ್ದ ನನ್ನ ಅತ್ತೆಯ ಮನೆ. ಹೌದು, ನಾನು ಮನೆಯಳಿಯ. ಆ ಪದವನ್ನು ನಮ್ಮ ಜನ ಹೇಗೆ ಹೇಳುತ್ತಾರೆಂದು ನಿಮಗೆ ಗೊತ್ತೇ ಇದೆ. ‘ಮನೆ’ ಎನ್ನುವಾಗ ಗೌರವ, ‘ಅಳಿಯ’ ಎನ್ನುವಾಗ ಕೆಮ್ಮು.

ಅತ್ತೆ ಅಕ್ಕಯ್ಯಮ್ಮನವರದು ಕೆ.ಆರ್. ಪುರದ ಆಚೆಯ ಹಳ್ಳಿ. ಮಾವನವರು ಕಾಲವಾದ ಮೇಲೆ ಹೊಲ, ಕಣ, ದನ, ಜಗಳ ಎಲ್ಲವನ್ನೂ ಒಬ್ಬರೇ ನಡೆಸಿಕೊಂಡು ಬಂದ ಹೆಂಗಸು. ಸುಗ್ಗಿಗೆ ಹಳ್ಳಿ, ಉಳಿದಂತೆ ಹಲಸೂರು. ಹಲಸೂರಿನ ಮನೆಗೆ ತಗಡಿನ ಸೂರು. ಬೇಸಿಗೆಯ ಮಧ್ಯಾಹ್ನ ಅದರ ಕೆಳಗೆ ಕೂತರೆ ನಮಗೂ ಹಪ್ಪಳಕ್ಕೂ ಇದ್ದ ವ್ಯತ್ಯಾಸವೆಂದರೆ ಹಪ್ಪಳಕ್ಕೆ ಉಪ್ಪು ಮೊದಲೇ ಹಾಕಿರುತ್ತಾರೆ, ನಮಗೆ ಆಮೇಲೆ ಬರುತ್ತಿತ್ತು. ಸೆಖೆ ಎಂದರೆ ಬೆಂಗಳೂರಿನವರಿಗೆ ಕಷ್ಟವಲ್ಲ, ಅವಮಾನ. ಬಳ್ಳಾರಿಯವನು ಸೆಖೆಯನ್ನು ತಡೆದುಕೊಳ್ಳುತ್ತಾನೆ. ನಾವು ಅದರ ಮೇಲೆ ದೂರು ಕೊಡುತ್ತೇವೆ. ‘ಮುಂಚೆ ಹೀಗಿರಲಿಲ್ಲ ಸ್ವಾಮಿ’ ಎಂದು ನನ್ನ ತಾತ ಹೇಳುತ್ತಿದ್ದರು. ಅವರ ತಾತನೂ ಹೇಳಿರಬೇಕು. ಕೆಂಪೇಗೌಡನ ಕಾಲಕ್ಕೆ ಹೋದರೆ ಅಲ್ಲೂ ಒಬ್ಬ ಮುದುಕ ಕೆರೆ ಏರಿಯ ಮೇಲೆ ಕೂತು ಅದನ್ನೇ ಹೇಳುತ್ತಿರುತ್ತಾನೆ.

ಈ ಅವಮಾನವನ್ನು ತೊಲಗಿಸಲು ಪಣ ತೊಟ್ಟವನು ನನ್ನ ಭಾವಮೈದ ಮುನಿರಾಜು. ಅಕ್ಕಯ್ಯಮ್ಮನ ಒಬ್ಬನೇ ಮಗ. ವಿಮಾನದ ಕಾರ್ಖಾನೆಯಲ್ಲಿ ಮರಗೆಲಸದ ವಿಭಾಗ. ವಿಮಾನ ಹಾರುವುದನ್ನು ನೋಡಿ ನಾವೆಲ್ಲ ಬಾಯಿ ಬಿಟ್ಟರೆ, ಅವನು ಅದು ಬಂದ ಪೆಟ್ಟಿಗೆಯನ್ನು ನೋಡಿ ಬಾಯಿ ಬಿಟ್ಟವನು. ಬಿಡಿಭಾಗಗಳು ಹಡಗಿನಲ್ಲಿ ಬರುತ್ತಿದ್ದ ಪ್ಲೈವುಡ್ ಪೆಟ್ಟಿಗೆಗಳನ್ನು ಹರಾಜಿನಲ್ಲಿ ಹಿಡಿದು, ಅದರಿಂದ ಮನೆ ಕಟ್ಟುವ ಯೋಚನೆ ಅವನ ತಲೆಗೆ ಹೊಕ್ಕಿತು.

‘ಭಾವ, ಇಟ್ಟಿಗೆ ಕಾಲ ಮುಗೀತು. ಇನ್ಮೇಲೆ ಪ್ಯಾನಲ್ಲು’ ಎಂದ ಒಂದು ದಿನ. ‘ಎರಡು ಹಲಗೆ, ಮಧ್ಯೆ ಒತ್ತಾಗಿ ಭತ್ತದ ಹೊಟ್ಟು. ಸುತ್ತ ಚೌಕಟ್ಟು, ಮೇಲೆ ಅಂಟು, ಮೊಳೆ. ಅಷ್ಟೇ. ತಂದು ನಿಲ್ಲಿಸಿದ್ರೆ ಗೋಡೆ. ಬಿಸಿಲು ಒಳಕ್ಕೆ ಬರಲ್ಲ, ಚಳೀನೂ ಬರಲ್ಲ.’

‘ನೆಂಟರು?’ ಎಂದೆ.

ಅವನು ನಗಲಿಲ್ಲ. ಸ್ಕೇಲು ಪೆನ್ಸಿಲು ಹಿಡಿದವರು ಪಾಠ ಹೇಳಿ ಹೊಟ್ಟೆ ಹೊರೆಯುವವರ ಹಾಸ್ಯಕ್ಕೆ ನಗುವುದಿಲ್ಲ. ನನಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲಿ ಇನ್ನೊಮ್ಮೆ ವಿವರಿಸಿದ. ಅಡಿಗೆಮನೆಯಿಂದ ನನ್ನ ಹೆಂಡತಿ ಜಯಮ್ಮ ಒಂದೇ ಮಾತಿನಲ್ಲಿ ಮುಗಿಸಿದಳು: ‘ಒಬ್ಬಟ್ಟು ಅನ್ನಿ.’ ನಿಜ, ಅದು ಒಬ್ಬಟ್ಟೇ. ಕಣಕ ಎಷ್ಟೇ ಚೆನ್ನಾಗಿರಲಿ, ಮರ್ಯಾದೆ ಉಳಿಸುವುದು ಒಳಗಿನ ಹೂರಣ. ಈ ತತ್ವವನ್ನು ಮುನಿರಾಜು ಹಲಗೆಗಳ ಮಟ್ಟಿಗೆ ಚೆನ್ನಾಗಿ ತಿಳಿದಿದ್ದ. ಹೂರಣ ತುಂಬುವ ಕೆಲಸವನ್ನು ಮಾತ್ರ ಯಾರಿಗೆ ವಹಿಸಬಾರದಿತ್ತೋ ಅವರಿಗೆ ವಹಿಸಿದ.

ಹಳ್ಳಿಯ ಕಣದಲ್ಲಿ ಪ್ಯಾನಲ್ಲುಗಳ ತಯಾರಿ ಶುರುವಾಯಿತು. ಆಚಾರಿಗಳು ಚೌಕಟ್ಟು ಹೊಡೆದು, ಒಂದು ಹಲಗೆ ಬಡಿದು, ಅಗಲವಾದ ತಟ್ಟೆಗಳ ಹಾಗೆ ಮಲಗಿಸಿದರು. ಸೂರಿನ ಪ್ಯಾನಲ್ಲುಗಳಿಗೆ ಮುನಿರಾಜು ತಾನೇ ನಿಂತು ಹೊಟ್ಟು ತುಂಬಿಸಿದ. ಅಷ್ಟರಲ್ಲಿ ರಜ ಮುಗಿಯಿತು. ‘ಅಮ್ಮಾ, ಗೋಡೆಗಳಿಗೆ ನೀನೇ ತುಂಬಿಸ್ಬಿಡು. ಅಂಗೈ ಅಗಲ ಜಾಗಾನೂ ಖಾಲಿ ಇರ್ಬಾರ್ದು, ನೋಡು’ ಎಂದು ಹೇಳಿ ಶಿಫ್ಟಿಗೆ ಓಡಿದ. ಅವನು ತಿರುಗಿ ಬರುವ ಹೊತ್ತಿಗೆ ಗೋಡೆಗಳು ತುಂಬಿದ್ದವು, ಮೇಲಿನ ಹಲಗೆಯೂ ಬಿದ್ದಿತ್ತು. ಅಂಗೈ ಅಗಲ ಜಾಗವೂ ಖಾಲಿ ಇರಲಿಲ್ಲ. ಮಗನ ಮಾತನ್ನು ಇಷ್ಟು ಚೆನ್ನಾಗಿ ನಡೆಸಿಕೊಟ್ಟ ತಾಯಿ ಇನ್ನೊಬ್ಬಳಿರಲಾರಳು.

ಪ್ಯಾನಲ್ಲುಗಳು ಗಾಡಿ ಏರಿ ಹಲಸೂರಿಗೆ ಹೊರಟವು. ಹಗುರ, ಹಗುರ ಎಂದು ಮುನಿರಾಜು ಕೊಂಡಾಡಿದ ಗೋಡೆಗಳನ್ನು ಎಳೆಯುತ್ತ ಎತ್ತುಗಳು ನೊರೆ ಕಾರಿದವು. ‘ಪ್ಲೈವುಡ್ಡು ಸ್ವಲ್ಪ ತೇವ ಕುಡಿದಿದೆ’ ಎಂದ ಅವನು. ಆಗ ಮೈಸೂರು ಸೀಮೆಯಿಂದ ಬ್ರಿಟಿಷರ ದಂಡಿನೊಳಕ್ಕೆ ಹೋಗುವ ಗಾಡಿಗಳನ್ನು ಗಡಿಯ ನಾಕೆಯಲ್ಲಿ ತಡೆದು ನೋಡುತ್ತಿದ್ದರು. ಧಾನ್ಯ ಸಾಗಿಸುವ ಹಾಗಿರಲಿಲ್ಲ. ನಾಕೆಯವನು ಸುತ್ತ ಒಂದು ಪ್ರದಕ್ಷಿಣೆ ಬಂದು, ‘ಏನಪ್ಪಾ ಇದು?’ ಎಂದ. ಮುನಿರಾಜು ಎದೆಯುಬ್ಬಿಸಿ, ‘ಗೋಡೆ’ ಎಂದ. ಸತ್ಯದ ತೇಜಸ್ಸು ಎಂದರೆ ಅದು. ಗೋಡೆ ಒಳಕ್ಕೆ ಬಿಡಬೇಕೋ ಬಾರದೋ ಎಂದು ಯಾವ ಸರ್ಕಾರವೂ ನಿಯಮ ಮಾಡಿರಲಿಲ್ಲ. ಗಾಡಿಗಳು ದಾಟಿದವು. ಹಿಂದಿನ ಗಾಡಿಯಲ್ಲಿ ಕೂತಿದ್ದ ಅಕ್ಕಯ್ಯಮ್ಮನವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಆಕಾಶ ನೋಡುತ್ತಿದ್ದರಂತೆ.

ತಗಡಿನ ಮನೆ ಇಳಿಯಿತು, ಪ್ಯಾನಲ್ಲಿನ ಮನೆ ಎದ್ದಿತು. ಹೊಟ್ಟೆಕಿಚ್ಚಿಲ್ಲದೆ ಹೇಳುತ್ತೇನೆ, ಆ ಮನೆ ತಂಪಾಗಿತ್ತು. ಹೊರಗೆ ರಸ್ತೆಯ ಟಾರು ಚಪ್ಪಲಿಗೆ ಅಂಟುತ್ತಿದ್ದಾಗ ಒಳಗೆ ನಾನು ಶಾಲು ಹೊದ್ದು ಕೂತು ಛಂದಸ್ಸಿನ ಪಾಠ ಬರೆಯುತ್ತಿದ್ದೆ. ಕಾರ್ಖಾನೆಯ ಸಾಹೇಬರೊಬ್ಬರ ಕಿವಿಗೂ ಸುದ್ದಿ ಬಿತ್ತು. ಕೆಲಸಗಾರರಿಗಾಗಿ ಮನೆಗಳ ಸಾಲು ಕಟ್ಟಿಸಬೇಕೆಂದು ಅವರು ಲೆಕ್ಕ ಹಾಕುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ ಬಂದು ಉಷ್ಣಮಾಪಕ ಇಟ್ಟು ನೋಡುತ್ತೇನೆ, ತಂಪು ನಿಜವಾದರೆ ಆ ಮನೆಗಳೆಲ್ಲ ಪ್ಯಾನಲ್ಲಿನವೇ, ಕಟ್ಟಿಸುವ ಹೊಣೆ ನಿನ್ನದೇ ಎಂದು ಮುನಿರಾಜುವಿಗೆ ಮಾತು ಕೊಟ್ಟರು. ಹುಡುಗನಿಗೆ ಆಮೇಲೆ ನೆಲ ಕಾಣಲಿಲ್ಲ. ಮದುವೆಗೆ ಬಂದ ಹೆಣ್ಣುಗಳನ್ನೆಲ್ಲ ‘ಬೇಸಿಗೆ ಆಗಲಿ’ ಎಂದು ನಿಲ್ಲಿಸಿದ.

ಈಗ ನನ್ನ ಮೊಳೆಯ ವಿಷಯ. ಪಡಸಾಲೆಯಲ್ಲಿ ಕನ್ನಡಿ ತೂಗುಹಾಕಲು ನಾನೊಂದು ಮೊಳೆ ಹೊಡೆದೆ. ಸುತ್ತಿಗೆ ಹಿಡಿದ ಪಂಡಿತನ ಮೊಳೆ ಎಂದಾದರೂ ನೆಟ್ಟಗೆ ಹೋಗಿದೆಯೇ? ಸೊಟ್ಟಗಾಯಿತು, ಕಿತ್ತೆ. ತೂತಿನಿಂದ ಸಣ್ಣಗೆ ಏನೋ ಸುರಿಯತೊಡಗಿತು. ಹೊಟ್ಟಲ್ಲ. ಕೆಂಪಗೆ, ದುಂಡಗೆ, ಸರಸರ ಎನ್ನುತ್ತ ನನ್ನ ಪಾದದ ಮೇಲೆ ರಾಗಿ! ಕೂಗಬೇಕೆನ್ನುವಷ್ಟರಲ್ಲಿ ಅಕ್ಕಯ್ಯಮ್ಮನವರು ಮೊರ ತಂದು ಧಾರೆಗೆ ಒಡ್ಡಿ, ಸೆರಗಿನ ತುದಿಯನ್ನು ತೂತಿಗೆ ತುರುಕಿ, ತಿರುಗಿ ನನ್ನನ್ನು ನೋಡಿದರು.

‘ಮೇಷ್ಟ್ರೇ, ರಾಜೂಗೆ ಹೇಳ್ಬ್ಯಾಡಿ.’

‘ಅತ್ತೆ, ಇದು...’

‘ಗೋಡೆ ಕಣಪ್ಪಾ. ಹೊಟ್ಟು ತುಂಬು ಅಂದ. ಅವತ್ತು ಹೆಚ್ಗೆ ರಾಗಿ ಕೊಡಿ ಅಂತ ಆಪೀಸರು ಊರ್ಗೆ ಬಂದಿದ್ರು. ಹೊಟ್ಟು ದನಕ್ಕಾತು, ರಾಗಿ ಗೋಡೆಗಾತು.’

ರೈತರ ಮನೆಯಲ್ಲಿ ಮಿಕ್ಕ ಧಾನ್ಯವನ್ನು ಸರ್ಕಾರ ವಸೂಲು ಮಾಡುತ್ತಿದ್ದ ಕಾಲ ಅದು. ‘ಹೆಚ್ಚಿಗೆ ರಾಗಿ’ ಎಂಬ ಮಾತನ್ನು ಕಂಡುಹಿಡಿದವರು ನಿಜಕ್ಕೂ ಭಾಷಾಪಂಡಿತರು, ನಾನು ಅವರ ಮುಂದೆ ಏನೂ ಅಲ್ಲ. ಹೆಚ್ಚಿಗೆ ಬಂಗಾರ ಇರಬಹುದು, ಹೆಚ್ಚಿಗೆ ಅಹಂಕಾರ ಇರಬಹುದು. ಮುಂದಿನ ಮಳೆ ಬರುತ್ತದೋ ಇಲ್ಲವೋ ಗೊತ್ತಿಲ್ಲದ ಊರಿನಲ್ಲಿ ಹೆಚ್ಚಿಗೆ ರಾಗಿ ಎಲ್ಲಿಂದ ಬರಬೇಕು? ಆ ಸೀಮೆಯವರು ರಾಗಿಯನ್ನು ಹಗೇವಿನಲ್ಲಿ ಇಡುತ್ತಾರೆ. ನೆಲದಲ್ಲಿ ಗುಡಾಣದ ಹಾಗೆ ತೋಡಿದ ಕಣಜ ಅದು; ಬಾಯಿಗೆ ಮಣ್ಣು ಮುಚ್ಚಿದರೆ ರಾಗಿ ಎಷ್ಟು ವರ್ಷ ಬೇಕಾದರೂ ಕೆಡದು. ಆದರೆ ಆ ವರ್ಷ ಬಂದ ಅಧಿಕಾರಿಗಳು ಬುದ್ಧಿವಂತರು, ದೊಣ್ಣೆಯಿಂದ ನೆಲ ಕುಟ್ಟಿ ಹಗೇವು ಹುಡುಕುತ್ತಿದ್ದರು. ಕಣದಲ್ಲಿ ಮಲಗಿದ್ದ ಗೋಡೆಗಳ ಮೇಲೆಯೇ ಕೂತು ಮಜ್ಜಿಗೆ ಕುಡಿದು ಹೋದರಂತೆ. ಅಕ್ಕಯ್ಯಮ್ಮನವರ ಕಣ್ಣಿಗೆ ಪ್ಯಾನಲ್ಲೆಂದರೆ ಎದ್ದು ನಿಂತ ಹಗೇವು. ನಾಲ್ಕು ಕಡೆ ಮುಚ್ಚಿದ ಒಂದು ಖಾಲಿ ಜಾಗವನ್ನು ಆ ಸೀಮೆಯ ಹೆಂಗಸಿನ ಮುಂದಿಟ್ಟು, ‘ಇದರಲ್ಲಿ ಹೊಟ್ಟು ತುಂಬು’ ಎಂದದ್ದು ಮುನಿರಾಜುವಿನದೇ ತಪ್ಪು. ಬೆಕ್ಕಿನ ಮುಂದೆ ಹಾಲಿಟ್ಟು ನೀರು ಕುಡಿ ಎಂದ ಹಾಗೆ.

ನಾನು ಹೇಳಲಿಲ್ಲ. ಹೇಳದಿರುವುದಕ್ಕೆ ಕಾರಣವೂ ಅವತ್ತೇ ಸಂಜೆ ತಟ್ಟೆಯಲ್ಲಿ ಬಂತು. ಹಬೆಯಾಡುವ ಮುದ್ದೆ, ಹುರುಳಿಸಾರು. ಸರದಿ ನಿಂತು ರೇಷನ್ನಿನಲ್ಲಿ ತರುತ್ತಿದ್ದ ಯಾವುದೋ ದೇಶದ ಹುಳುಕು ಜೋಳ ತಿಂದು ತಿಂದು ನಾಲಿಗೆ ಸತ್ತಿತ್ತು. ಆ ಮುದ್ದೆ ಗಂಟಲಿಗಿಳಿದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಮುನಿರಾಜುವೂ ಮುದ್ದೆ ಹೊಡೆದ. ‘ಎಲ್ಲಿ ಸಿಕ್ತಮ್ಮಾ?’ ಎಂದ. ‘ಊರಿಂದ ಬಂತು’ ಎಂದರು. ಸುಳ್ಳೇನಲ್ಲ, ಅವನೇ ಗಾಡಿಯಲ್ಲಿ ತಂದದ್ದು.

ಅಲ್ಲಿಂದ ನಮ್ಮ ಮನೆ ಕರಗತೊಡಗಿತು. ಅಕ್ಕಯ್ಯಮ್ಮನವರು ಒಂದೊಂದು ಗೋಡೆಯ ಬುಡದಲ್ಲೂ ಒಂದೊಂದು ತೂತು ಮಾಡಿ ಬಿರಡೆ ಜಡಿದರು. ಪಡಸಾಲೆಯದು ನನ್ನ ಪುಸ್ತಕದ ಪೆಟ್ಟಿಗೆಯ ಹಿಂದೆ, ಅಡಿಗೆಮನೆಯದು ಒರಳಿನ ಹಿಂದೆ. ನಾವಷ್ಟೇ ತಿಂದಿದ್ದರೆ ಆ ಗೋಡೆಗಳು ನನ್ನ ಮೊಮ್ಮಕ್ಕಳ ಕಾಲಕ್ಕೂ ಬರುತ್ತಿದ್ದವೇನೋ. ಆದರೆ ರಾಗಿ ಬೀಸುವ ಸದ್ದನ್ನು ಯಾವ ಪ್ಯಾನಲ್ಲೂ ತಡೆಯಲಾರದು. ಪಕ್ಕದ ಮನೆಯ ಕನ್ನಿಯಮ್ಮ ಬಂದಳು. ಗಂಡ ಪಟಾಳಂ ಜೊತೆ ಯುದ್ಧಕ್ಕೆ ಹೋದವನು, ಅವನಿಂದ ಸುದ್ದಿಯಿಲ್ಲ, ಮೂರು ಮಕ್ಕಳು. ‘ಅಕ್ಕಾ, ಕೊಂಜ ಮಾವು ಇದ್ರೆ ಕುಡಕ್ಕಾ’ ಎಂದಳು. ಕೊಂಜ ಮಾವು ಎಂದರೆ ಅವಳ ತಮಿಳಿನಲ್ಲಿ ಸ್ವಲ್ಪ ಹಿಟ್ಟು. ಆಮೇಲೆ ಎದುರು ಮನೆಯ ಜಟಕಾ ಕರೀಂ ಸಾಬರು ಬಂದು, ‘ಅಮ್ಮಾ, ಘರ್ ಮೇ ಬಾಣಂತಿ ಇದಾಳೆ’ ಎಂದು ನೆಲ ನೋಡುತ್ತ ನಿಂತರು. ಅಕ್ಕಯ್ಯಮ್ಮನವರು ಸೇರು ತುಂಬಿ ಕೊಟ್ಟರು. ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಹಸಿದವರು ಪ್ರಶ್ನೆ ಕೇಳುವುದಿಲ್ಲ, ಅದೊಂದು ಅವರಲ್ಲಿರುವ ಒಳ್ಳೆಯ ಗುಣ.

ಇತ್ತ ಮನೆ ಬಿಸಿಯಾಗುತ್ತ ಬಂತು. ಬುಡದಿಂದ ತೆಗೆದರೆ ಮೇಲಿಂದ ಖಾಲಿಯಾಗುತ್ತದಲ್ಲ, ಹಾಗಾಗಿ ಮೊದಲು ತಲೆಗೆ ಸೆಖೆ, ಸ್ವಲ್ಪ ದಿನಕ್ಕೆ ಕತ್ತಿಗೆ, ಆಮೇಲೆ ಎದೆಗೆ. ನೆಲದ ಮೇಲೆ ಕೂತವರಿಗೆ ಊಟಿ, ಎದ್ದು ನಿಂತವರಿಗೆ ಬಳ್ಳಾರಿ. ಮುನಿರಾಜು ಕಂಗಾಲಾದ. ಅಂಟನ್ನು ಅನುಮಾನಿಸಿದ, ಪ್ಲೈವುಡ್ಡನ್ನು ಅನುಮಾನಿಸಿದ, ಈ ವರ್ಷ ಸೂರ್ಯನೇ ಸರಿಯಿಲ್ಲ ಎಂದ. ಗೋಡೆಗೆ ಎರಡು ಸಲ ಸುಣ್ಣ ಬಳಿದ. ಕೊನೆಗೆ ಅವನ ಕಣ್ಣು ನನ್ನ ಮೇಲೆ ಬಿತ್ತು.

‘ಭಾವ, ಮನುಷ್ಯನ ಮೈ ಅಂದ್ರೆ ಒಂದು ಒಲೆ ಇದ್ದ ಹಾಗೆ. ರಜಾ ಬಂತು ಅಂದ್ರೆ ನೀವು ಒಳಗೇ ಕೂತಿರ್ತೀರಿ. ಮಧ್ಯಾಹ್ನ ಸ್ವಲ್ಪ ಹೊರಗೆ ಕೂತ್ಕೊಂಡ್ರೆ...’

ಮನೆಯಳಿಯನನ್ನು ಹೊರಗೆ ಹಾಕಲು ಜನ ಏನೇನೋ ನೆಪ ಹುಡುಕಿದ್ದಾರೆ. ಉಷ್ಣಶಾಸ್ತ್ರವನ್ನು ಬಳಸಿದವನು ಇವನೊಬ್ಬನೇ. ನಾನು ಚಾಪೆ ಎತ್ತಿಕೊಂಡು ಹೊಂಗೆ ಮರದ ಕೆಳಗೆ ಹೋದೆ. ಇಷ್ಟೆಲ್ಲ ವಿಚಾರಣೆ ನಡೆಸುವಾಗಲೂ ಅವನು ದಿನಾ ರಾತ್ರಿ ಎರಡೆರಡು ಮುದ್ದೆ ಇಳಿಸುತ್ತಿದ್ದ. ತಟ್ಟೆಯನ್ನು ಮಾತ್ರ ಒಂದು ಸಲವೂ ಅನುಮಾನಿಸಲಿಲ್ಲ.

ಯುಗಾದಿ ಕಳೆಯಿತು. ಸಾಹೇಬರು ಬರುವ ದಿನ ಗೊತ್ತಾಯಿತು. ನಾನು ಅಕ್ಕಯ್ಯಮ್ಮನವರನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಈ ಗೋಡೆ ತಂಪಾಗಿದ್ದರೆ ನಿಮ್ಮ ಮಗ ದೊಡ್ಡ ಮೇಸ್ತ್ರಿ, ಬಿಸಿಯಾದರೆ ಅವನ ಕನಸು ಮುಗಿದಂತೆ. ಉಳಿದದ್ದನ್ನಾದರೂ ಮುಟ್ಟಬೇಡಿ ಎಂದೆ. ಮತ್ತೆ ಹೊಟ್ಟು ತುಂಬಿಸೋಣವೆಂದರೆ ಮೇಲಿನ ಅಂಚನ್ನು ಅವನು ಅಂಟು ಹಾಕಿ ಸೂರಿಗೆ ಸೇರಿಸಿಬಿಟ್ಟಿದ್ದ. ಮಗನೆಂದರೆ ಅವರಿಗೆ ಪ್ರಾಣ, ಅದರಲ್ಲಿ ನನಗೆ ಅನುಮಾನವಿಲ್ಲ. ಅವತ್ತು ಸಂಜೆ ಕನ್ನಿಯಮ್ಮ ಬಂದಾಗ, ‘ಇವತ್ತು ಇಲ್ಲ ಕಣವ್ವಾ’ ಎಂದರು. ಅವಳು ‘ಸರಿಯಕ್ಕಾ’ ಎಂದು ಖಾಲಿ ಪಾತ್ರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟುಹೋದಳು. ಅಷ್ಟೇ ನಡೆದದ್ದು. ಅಕ್ಕಯ್ಯಮ್ಮನವರು ಊಟಕ್ಕೆ ಕೂತು, ಮುದ್ದೆ ಮುರಿದು, ಹಾಗೇ ಬಿಟ್ಟು ಎದ್ದರು.

ಬೆಳಿಗ್ಗೆ ನಾನು ಎದ್ದಾಗ ನನ್ನ ಪುಸ್ತಕದ ಪೆಟ್ಟಿಗೆ ಪಕ್ಕಕ್ಕೆ ಸರಿದಿತ್ತು. ಬಿರಡೆ ಕಿತ್ತು ಅವರು ಮೊರ ಹಿಡಿದು ಕೂತಿದ್ದರು.

‘ಅತ್ತೆ, ರಾಜು...’ ಎಂದೆ.

‘ಸೆಖೆ ಆದ್ರೆ ಬೀಸಣಿಗೆ ಐತೆ ಮೇಷ್ಟ್ರೇ. ಹೊಟ್ಟೆ ಹಸಿದ್ರೆ ಯಾವ ಬೀಸಣಿಗೆ ಐತೆ, ಯೋಳಿ?’

ನಾನು ಶಾಲೆಯಲ್ಲಿ ಅಲಂಕಾರಶಾಸ್ತ್ರ ಕಲಿಸುವವನು. ಮೊರ ತುಂಬಿದಾಗ ಇನ್ನೊಂದು ಮೊರ ತಂದುಕೊಟ್ಟೆ.

ಸಾಹೇಬರು ಉರಿಬಿಸಿಲಿನಲ್ಲಿ ಮೋಟಾರಿನಲ್ಲಿ ಬಂದರು. ಬೀದಿಯವರೆಲ್ಲ ಮೋಟಾರು ನೋಡಲು ಬಾಗಿಲಲ್ಲಿ ನೆರೆದರು. ಒಂದು ಉಷ್ಣಮಾಪಕ ಹೊರಗೆ, ಒಂದು ಒಳಗೆ ಗೋಡೆಯ ಮೇಲೆ. ಸ್ವಲ್ಪ ಹೊತ್ತಿಗೆ ಸಾಹೇಬರ ಕೆಂಪು ಮುಖ ಇನ್ನೂ ಕೆಂಪಾಯಿತು. ಉಷ್ಣಮಾಪಕ ನೋಡುವ ಅಗತ್ಯವೇ ಬೀಳಲಿಲ್ಲ. ‘ಒಂದು ಕಡೆ ಕೊಯ್ದು ತೋರಿಸ್ತೀನಿ ಸರ್, ಫಿಲ್ಲಿಂಗ್ ಪರ್ಫೆಕ್ಟ್ ಆಗಿದೆ’ ಎಂದು ಮುನಿರಾಜು ತಾನೇ ಗರಗಸ ತಂದ. ಬೇಡ ಎಂದು ನಾನು ಕಣ್ಣಲ್ಲಿ ಸನ್ನೆ ಮಾಡಿದ್ದನ್ನು ಅವನು ಗಮನಿಸಲಿಲ್ಲ. ಎದೆಯ ಎತ್ತರದಲ್ಲಿ ಚೌಕ ಕೊಯ್ದು ಹಲಗೆ ಎತ್ತಿದ. ಒಳಗೆ ಕತ್ತಲೆ. ಕೈ ಹಾಕಿದ, ಮೊಣಕೈವರೆಗೆ ಹಾಕಿದ, ಭುಜದವರೆಗೂ ಹಾಕಿದ. ಗೋಡೆಗಳಿಗೆ ಗಾಳಿ ತುಂಬಿಸುವುದಾದರೆ ಅದು ಹೊರಗೇ ಬೇಕಾದಷ್ಟಿದೆಯಲ್ಲ ಎಂಬರ್ಥದ ಒಂದು ಮಾತನ್ನು ಸಾಹೇಬರು ಬಹಳ ನಯವಾಗಿ ಹೇಳಿ, ಟೋಪಿ ಹಾಕಿಕೊಂಡು, ಇಟ್ಟಿಗೆಯ ಮನೆಗಳನ್ನೇ ಕಟ್ಟಿಸಲು ಹೊರಟುಹೋದರು.

ಮುನಿರಾಜು ಗರಗಸ ಹಿಡಿದುಕೊಂಡೇ ನಿಂತಿದ್ದ. ಇಷ್ಟು ಹೊತ್ತು ಅವನನ್ನು ಗೇಲಿ ಮಾಡಿದೆನಲ್ಲ, ಆ ಗಳಿಗೆಯಲ್ಲಿ ಮಾತ್ರ ಅದು ನನ್ನಿಂದಾಗಲಿಲ್ಲ. ಅವನ ಲೆಕ್ಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮೆಲ್ಲಗೆ ತಾಯಿಯ ಕಡೆ ತಿರುಗಿದ.

‘ಅಮ್ಮಾ, ಗೋಡೆಯೊಳಗಿದ್ದಿದ್ದು ಎಲ್ಲಿ ಹೋಯ್ತು?’

ಅಕ್ಕಯ್ಯಮ್ಮನವರು ತಲೆ ತಗ್ಗಿಸಲಿಲ್ಲ. ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು, ಬಾಗಿಲ ಕಡೆ ಗದ್ದದಲ್ಲೇ ತೋರಿಸಿದರು.

‘ರಾಗಿ ತುಂಬಿದ್ದೆ ಕಣಪ್ಪಾ. ಎಲ್ಲೂ ಹೋಗಿಲ್ಲ. ಅಗೋ, ನಿಂತವ್ರೆ ನೋಡು.’

ಬಾಗಿಲಲ್ಲಿ ಕನ್ನಿಯಮ್ಮ ನಿಂತಿದ್ದಳು, ಸೊಂಟದಲ್ಲೊಂದು ಮಗು, ಸೀರೆ ಹಿಡಿದು ಇನ್ನೆರಡು. ಕರೀಂ ಸಾಬರಿದ್ದರು, ಅವರ ಹೆಗಲ ಮೇಲೆ ಮಲಗಿದ್ದ ಮೊಮ್ಮಗು ಗಲ್ಲ ತುಂಬಿಕೊಂಡು ದುಂಡಗಾಗಿತ್ತು. ಪ್ಯಾನಲ್ಲುಗಳ ಜೋಡಣೆ ಪರೀಕ್ಷಿಸುತ್ತಿದ್ದ ಅದೇ ಕಣ್ಣಿನಿಂದ ಮುನಿರಾಜು ಒಬ್ಬೊಬ್ಬರನ್ನೇ ನಿಧಾನವಾಗಿ ನೋಡಿದ. ಕಟ್ಟಕಡೆಗೆ ನನ್ನ ಹತ್ತಿರ ಬಂದ. ನಾನು ಹೊಟ್ಟೆಯನ್ನು ಆದಷ್ಟು ಒಳಕ್ಕೆ ಎಳೆದುಕೊಂಡೆ. ಅದು ಹೆಚ್ಚು ದೂರ ಹೋಗಲಿಲ್ಲ.

‘ನಿಮ್ಮದು ಯಾವ ಗೋಡೆ ಭಾವ?’ ಎಂದ.

‘ಪಡಸಾಲೆಯದು’ ಎಂದೆ. ‘ಅಡಿಗೆಮನೆಯದು ನೀನು ತಿಂದದ್ದು.’